ಜನರೇಟರಿಗೆ ಕೊಟ್ಟ ಪಂಪು ಗುಂಯ್ ಎಂದು ನಿಂತರೆ

ಮಳೆಗಾಲದಲ್ಲಿ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. "ಜನರೇಟರು ಓಡ್ತದೆ, ಲೈಟು ಉರೀತದೆ, ಪಂಪು ಮಾತ್ರ ಗುಂಯ್ ಅಂತ ನಿಲ್ತದೆ." ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಲೈನು ಬರುವುದು ರಬ್ಬರು ಮತ್ತು ಅಡಿಕೆ ತೋಟಗಳ ನಡುವಿನಿಂದ. ಗಾಳಿಗೆ ಒಂದು ಮರ ಬಿದ್ದರೆ ಎರಡು ದಿನವಾದರೂ ಕರೆಂಟಿಲ್ಲ. ಬಾವಿ ತುಂಬಿರುತ್ತದೆ, ಟಾಂಕಿಯಲ್ಲಿ ಹನಿ ನೀರಿರುವುದಿಲ್ಲ.

ಕಳೆದ ಆಟಿ ತಿಂಗಳ ಮಳೆಯಲ್ಲಿ ಪೆರ್ಲದ ಸಮೀಪದ ಒಂದು ಮನೆಗೆ ಹೋದೆ. 1 ಎಚ್‌ಪಿ ಪಂಪು, ಹೊಸ 3 ಕೆವಿಎ ಜನರೇಟರು (ಕೆವಿಎ ಅಂದರೆ ಜನರೇಟರು ಎಷ್ಟು ಕೊಡಬಲ್ಲದು ಎಂಬುದರ ಅಳತೆ). "ಅಂಗಡಿಯವ ಟೊಪ್ಪಿ ಹಾಕಿದ ಅಣ್ಣಾ" ಎಂದರು ಯಜಮಾನರು. ಜನರೇಟರು ಸರಿಯಾಗಿಯೇ ಇತ್ತು. ಅದನ್ನು ಜಗಲಿಯಲ್ಲಿಟ್ಟು, ತೋಟದ ಬಾವಿಗೆ 60 ಮೀಟರ್ ದೂರ 1.5 ಸ್ಕ್ವೇರ್ ಎಂಎಂನ ಸಪೂರ ವಯರು ಎಳೆದಿದ್ದರು. ಮದುವೆ ಚಪ್ಪರದ ಲೈಟಿಗೆ ತಂದಿದ್ದ ವಯರು ಅದು.

1 ಎಚ್‌ಪಿ ಅಂದರೆ 746 ವಾಟ್, 3 ಕೆವಿಎ ಧಾರಾಳ ಸಾಕಲ್ಲವೇ ಎಂದು ಲೆಕ್ಕ ಹಾಕುತ್ತಾರೆ. ಆದರೆ 746 ಎಂಬುದು ಮೋಟರು ಹೊರಗೆ ಕೊಡುವ ಶಕ್ತಿ. ಒಳಗೆ ಅದು ಸುಮಾರು 1,100 ವಾಟ್ ಎಳೆಯುತ್ತದೆ, ಓಡುವಾಗ 6ರಿಂದ 8 ಆಂಪಿಯರ್. ಹೊರಡುವ ಆ ಒಂದು ಕ್ಷಣಕ್ಕೆ ಮಾತ್ರ ಇದರ ನಾಲ್ಕೈದು ಪಟ್ಟು ಬೇಕು. 30 ಆಂಪಿಯರ್ ಎಳೆದರೆ ಆ ಸಪೂರ ವಯರಿನಲ್ಲಿಯೇ 40 ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಜೊತೆಗೆ ಜನರೇಟರಿನ ವೋಲ್ಟೇಜೂ ಕುಸಿಯುತ್ತದೆ. 230 ಇದ್ದದ್ದು 160ಕ್ಕೆ ಇಳಿದರೆ ಮೋಟರಿನ ತಿರುಗುವ ಬಲ ಅರ್ಧಕ್ಕಿಂತಲೂ ಕಡಿಮೆ, ಯಾಕೆಂದರೆ ಬಲ ಇಳಿಯುವುದು ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ (ವರ್ಗಕ್ಕೆ) ಸರಿಯಾಗಿ. ಆಗಲೇ ಆ ಗುಂಯ್. ತಿರುಗದೆ ನಿಂತ ಮೋಟರಿಗೆ ನಾಲ್ಕು ಸಲ ಸ್ವಿಚ್ಚು ಒತ್ತಿ ನೋಡಿದರೆ ವೈಂಡಿಂಗು ಸುಟ್ಟೀತು. ಒಂದು ಸಲಕ್ಕೆ ಹೊರಡದಿದ್ದರೆ ಕೈ ತೆಗೆಯಿರಿ.

4 ಸ್ಕ್ವೇರ್ ಎಂಎಂ ತಾಮ್ರದ ವಯರು ಹಾಕಿಸಿದೆ. ಮೋಟರು ಹೊರಡಲು ನೆರವಾಗುವ ಪಂಪಿನ ಹಳೆಯ ಕೆಪಾಸಿಟರನ್ನೂ ಬದಲಿಸಿದೆ. ದುರ್ಬಲವಾದ ಕೆಪಾಸಿಟರು ಲೈನಿನ ಕರೆಂಟಿನಲ್ಲಿ ಹೇಗೋ ದಿನ ದೂಡುತ್ತದೆ, ಜನರೇಟರಿನಲ್ಲಿ ಸಿಕ್ಕಿಬೀಳುತ್ತದೆ. ಪಂಪು ಒಂದೇ ಸಲಕ್ಕೆ ಹೊರಟಿತು. ಬೋರ್‌ವೆಲ್ಲಿನ ನೀರಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪು ಆದರೆ 4-5 ಕೆವಿಎ ಜನರೇಟರನ್ನೇ ಕೊಳ್ಳಿ ಎನ್ನುತ್ತೇನೆ.

ಆಮೇಲೆ ಯಜಮಾನರು ಕೇಳಿದ ಪ್ರಶ್ನೆಗೆ ನನ್ನ ಎದೆ ಝಲ್ಲೆಂದಿತು. "ಇಷ್ಟು ವಯರು ಯಾಕೆ? ಎರಡು ತುದಿಗೂ ಪ್ಲಗ್ಗು ಹಾಕಿ ಜನರೇಟರಿನಿಂದ ಬಚ್ಚಲಿನ ಸಾಕೆಟ್ಟಿಗೆ ಕೊಟ್ಟರೆ ಪಂಪಿಗೂ ಹೋಗುವುದಿಲ್ಲವಾ?"

ಹೋಗುತ್ತದೆ. ಮೈನ್ ಸ್ವಿಚ್ಚು ತೆಗೆದಿಲ್ಲವಾದರೆ ಮೀಟರು ದಾಟಿ ಕಂಬಕ್ಕೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ದಿಕ್ಕಿನ ಹಂಗಿಲ್ಲ. ಈ ಕಡೆಯಿಂದ 230 ವೋಲ್ಟ್ ಹೊಕ್ಕರೆ ಆ ಕಡೆ 11,000 ವೋಲ್ಟ್ ಏಳಬಹುದು. ನಿಮ್ಮ ಮನೆಗೇ ಕರೆಂಟು ಕೊಡಲೆಂದು ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಮುಟ್ಟುವುದು ಅದನ್ನೇ. "ಮೈನ್ ಆಫ್ ಮಾಡಿಯೇ ಮಾಡ್ತೇನೆ" ಎಂದರು. ಒಂದು ರಾತ್ರಿ ಮರೆತರೆ? ಪ್ಲಗ್ಗಿನ ಹೊರಗಿನ ತುದಿಯ ಹಿತ್ತಾಳೆ ಪಿನ್ನಿನಲ್ಲಿ ಕರೆಂಟು ಇರುವಾಗ ಮನೆಯ ಮಗು ಅದನ್ನು ಹಿಡಿದರೆ? ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಚೇಂಜ್‌ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ವಯರ್‌ಮ್ಯಾನ್‌ನಿಂದಲೇ ಹಾಕಿಸಿ. ಅದರಲ್ಲಿ ಒಮ್ಮೆಗೆ ಒಂದೇ ಕಡೆಯ ಕರೆಂಟು. ನಿಮ್ಮ ನೆನಪನ್ನು ನಂಬಿ ಅದು ಕೂತಿಲ್ಲ. ಅದು ಆಗುವವರೆಗೆ ನಾನು ಆ ಮನೆಯಲ್ಲಿ ಪಂಪಿಗೆ ಬೇರೆಯೇ ವಯರು ಬಿಟ್ಟು ಬಂದೆ.

ಜನರೇಟರನ್ನು ಜಗಲಿಯಿಂದಲೂ ಇಳಿಸಿದೆವು. ಅದರ ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಳೆಗೆ ಕಿಟಕಿ ಹಾಕಿ ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಮನೆಯಿಂದ 20 ಅಡಿಯಾದರೂ ಆಚೆ, ಸುತ್ತಲೂ ತೆರೆದ ಮಾಡಿನಡಿ ಇಡಿ. ಬಾವಿಕಟ್ಟೆಯ ಮೇಲೆ ಇಡುವವರಿದ್ದಾರೆ, ಅದೂ ಬೇಡ. ಹೊಗೆ ಬಾವಿಯೊಳಗೆ ನಿಂತರೆ ಪೈಪಿನ ಬುಡದ ಫುಟ್‌ವಾಲ್ವ್ ನೋಡಲು ಇಳಿದವನು ಮೇಲೆ ಬರಲಿಕ್ಕಿಲ್ಲ.

ಇನ್ನು ಕ್ರಮ. ಜನರೇಟರಿಗೆ ಏನನ್ನೂ ಜೋಡಿಸದೆ ಎರಡು ಮೂರು ನಿಮಿಷ ಓಡಿಸಿ, ಮೊದಲು ಪಂಪು ಹಾಕಿ, ಅದು ಓಟ ಹಿಡಿದ ಮೇಲೆ ಫ್ರಿಜ್ಜು, ಲೈಟು. ನಿಲ್ಲಿಸುವಾಗ ಪಂಪು ಮೊದಲು, ಜನರೇಟರು ಕೊನೆಗೆ. ಬಿಸಿ ಇರುವಾಗ ಪೆಟ್ರೋಲು ಹೊಯ್ಯಬೇಡಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಪಂಪು ಕೊಟ್ಟೇ ಹತ್ತು ನಿಮಿಷ ಓಡಿಸಿ. ಕಾರ್ಬ್ಯುರೇಟರಿನಲ್ಲಿ ಹಳೆಯ ಪೆಟ್ರೋಲು ಅಂಟುಗಟ್ಟಿದ್ದರೆ ಆಗಲೇ ಗೊತ್ತಾಗುತ್ತದೆ.