ಮಳೆ ಬಂದಾಗಲೇ ನೊರೆ ಏಕೆ? ಬೆಳ್ಳಂದೂರು ಕೆರೆಯ ತಳದಲ್ಲಿರುವ ಉತ್ತರ

ಮಳೆ ಸುರಿದರೆ ಕೊಳಚೆ ತಿಳಿಯಾಗಬೇಕು. ಬೆಂಗಳೂರಿನ ಬೆಳ್ಳಂದೂರಿನಲ್ಲಿ ಆಗುತ್ತಿದ್ದದ್ದು ತದ್ವಿರುದ್ಧ. 2015ರ ಹೊತ್ತಿಗೆ, ರಾತ್ರಿ ಜೋರು ಮಳೆಯಾದರೆ ಬೆಳಗ್ಗೆ ಕೆರೆಯ ಕೋಡಿಯಲ್ಲಿ ಆಳೆತ್ತರದ ನೊರೆ ನಿಂತಿರುತ್ತಿತ್ತು. ಗಾಳಿ ಬೀಸಿದರೆ ಹಿಂಜಿದ ಅರಳೆಯಂತೆ ಎದ್ದು ರಸ್ತೆಗೆ ಹಾರಿ, ಬೈಕ್ ಸವಾರರ ಹೆಲ್ಮೆಟ್ ಗಾಜಿಗೆ ಮೆತ್ತಿಕೊಳ್ಳುತ್ತಿತ್ತು. ಕೆಳಗಿನ ವರ್ತೂರು ಕೆರೆಯಲ್ಲೂ ಇದೇ ಪಾಡು. ಅಲ್ಲಿ ನೊರೆ ತಡೆಯಲು ರಸ್ತೆ ಬದಿಗೆ ಜಾಲರಿಯನ್ನೇ ಕಟ್ಟಬೇಕಾಯಿತು.

ಸೋಪಿನ ನೀರು ಬಂತು, ನೊರೆ ಎದ್ದಿತು ಎಂದು ಬಹಳ ಮಂದಿ ಅಂದುಕೊಂಡರು. ಅಷ್ಟೇ ಆಗಿದ್ದರೆ, ಮಳೆನೀರು ಬೆರೆತು ಸೋಪು ತೆಳುವಾಗುವ ಮಳೆಗಾಲಕ್ಕಿಂತ ಬೇಸಿಗೆಯಲ್ಲೇ ನೊರೆ ಹೆಚ್ಚಬೇಕಿತ್ತು.

ಇದರ ಎಳೆ ಹಿಡಿಯಲು 1950ರ ದಶಕದ ಯುರೋಪಿಗೆ ಹೋಗಬೇಕು. ಎರಡನೇ ಮಹಾಯುದ್ಧದ ನಂತರ ಮನೆಮನೆಗೆ ಡಿಟರ್ಜೆಂಟ್ ಪುಡಿ ಬಂತು. ಅದರಲ್ಲಿದ್ದ ನೊರೆಕಾರಕದ ಇಂಗಾಲದ ಸರಪಳಿಗೆ ಕವಲುಗಳಿದ್ದವು. ಅದು ಬ್ಯಾಕ್ಟೀರಿಯಾಗಳಿಗೆ ಸುಲಭಕ್ಕೆ ಅರಗುತ್ತಿರಲಿಲ್ಲ. ಬ್ರಿಟನ್, ಜರ್ಮನಿಯ ನದಿಗಳ ಮೇಲೆ ನೊರೆ ಗುಡ್ಡೆ ಬಿತ್ತು. 1961ರಲ್ಲಿ ಪಶ್ಚಿಮ ಜರ್ಮನಿ ಕಾನೂನನ್ನೇ ತಂದಿತು. ಅಮೆರಿಕದ ತಯಾರಕರು 1965ರ ವೇಳೆಗೆ ಕವಲಿಲ್ಲದ, ನೇರ ಸರಪಳಿಯ ರಾಸಾಯನಿಕಕ್ಕೆ ಬದಲಾದರು. ಲೀನಿಯರ್ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್, ಚಿಕ್ಕದಾಗಿ ಎಲ್‌ಎಎಸ್. ಇಂದು ನಮ್ಮ ಬಟ್ಟೆ ಪುಡಿಯಲ್ಲೂ ಸಾಮಾನ್ಯವಾಗಿ ಇರುವುದು ಇದೇ. ರಸಾಯನಶಾಸ್ತ್ರ ಗೆದ್ದಿತು ಎಂದು ಎಲ್ಲರೂ ನಿರಾಳವಾದರು.

ಆದರೆ ಆ ಗೆಲುವಿಗೆ ಒಂದು ಷರತ್ತಿತ್ತು. ಎಲ್‌ಎಎಸ್ ಚೆನ್ನಾಗಿ ಕೊಳೆಯಬೇಕಾದರೆ ನೀರಿನಲ್ಲಿ ಆಮ್ಲಜನಕ ಇರಬೇಕು.

ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯಲ್ಲಿ ಇಲ್ಲದ್ದು ಅದೇ. ಒಂದು ಕಾಲಕ್ಕೆ ಗದ್ದೆ ತೋಟಗಳಿಗೆ ನೀರುಣಿಸಿದ ಕೆರೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ರಾಜಕಾಲುವೆಗಳು ವರ್ಷಾನುಗಟ್ಟಲೆ ನಗರದ ಒಳಚರಂಡಿ ನೀರನ್ನು ತಂದು ಸುರಿದವು. ಕೊಳೆಯುವ ಹೊಲಸೇ ಆಮ್ಲಜನಕವನ್ನೆಲ್ಲ ನುಂಗಿತು. ಮೇಲೆ ಅಂತರಗಂಗೆ ಹಬ್ಬಿತು, ತಳದಲ್ಲಿ ಕಪ್ಪು ಹೂಳು ಕೂತಿತು.

ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದ ಸಂಶೋಧಕರು ನೀರು ಕೆರೆಗೆ ಸೇರುವಲ್ಲಿಂದ ಕೋಡಿ ದಾಟುವವರೆಗೆ ಅದರಲ್ಲಿನ ನೊರೆಕಾರಕ ಎಲ್ಲಿ ಹೋಗುತ್ತದೆಂದು ಲೆಕ್ಕ ಹಾಕಿದರು. ಕೆರೆಯ ಉದ್ದಕ್ಕೂ ಸಾಗಲು ನೀರಿಗೆ 10ರಿಂದ 15 ದಿನ ಬೇಕು. ಈ ನಿಧಾನದ ಹರಿವಿನಲ್ಲಿ ನೊರೆಕಾರಕ ಪೂರ್ತಿ ಕೊಳೆಯದೆ ಹೂಳಿಗೆ ಅಂಟಿ ತಳ ಸೇರುತ್ತದೆ, ಅಲ್ಲಿ ಅನೇಕ ಪಟ್ಟು ಸಾಂದ್ರವಾಗುತ್ತದೆ. ದೊಡ್ಡ ಮಳೆ ಬಂದರೆ ನುಗ್ಗುವ ನೀರು ಆ ಹೂಳನ್ನು ಕದಡಿ ಕೋಡಿಗೆ ಒಯ್ಯುತ್ತದೆ. ಹೂಳು ಬಿಟ್ಟುಕೊಟ್ಟ ನೊರೆಕಾರಕ, ಸುಮಾರು 25 ಅಡಿ ಧುಮುಕುವಾಗ ಸಿಕ್ಕಿಕೊಳ್ಳುವ ಗಾಳಿ, ಎರಡೂ ಸೇರಿ ಗುಳ್ಳೆ ಏಳುತ್ತವೆ. ಹೂಳಿನ ಕಣಗಳೂ ಬ್ಯಾಕ್ಟೀರಿಯಾಗಳೂ ಆ ಗುಳ್ಳೆಗಳು ಬೇಗ ಒಡೆಯದಂತೆ ನೋಡಿಕೊಳ್ಳುತ್ತವೆ. ನಿನ್ನೆ ಒಗೆದ ಬಟ್ಟೆಯ ಸೋಪು ಮಾತ್ರವಲ್ಲ, ತಿಂಗಳುಗಳ ಹಿಂದಿನದೂ ಮಳೆಯ ದಿನ ಎದ್ದು ಬರುತ್ತದೆ.

ನನಗೆ ಈ ಸಂಶೋಧನೆ ಮುಖ್ಯವೆನಿಸುವುದು ಅದು ಮದ್ದಿನ ಜಾಗ ತೋರಿಸಿದ್ದಕ್ಕೆ. ಕೋಡಿಯ ಬಳಿ ಸ್ಪ್ರಿಂಕ್ಲರ್ ಹಾಕಿ ನೊರೆ ಕುಗ್ಗಿಸುವ ಯತ್ನ ನಡೆಯಿತು. ಅದು ಎದ್ದ ಗುಳ್ಳೆಯನ್ನು ಒಡೆಯಬಹುದು, ತಳದ ದಾಸ್ತಾನನ್ನು ಮುಟ್ಟದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಒತ್ತಡದ ಬಳಿಕ ನೀರನ್ನು ಬೇರೆಡೆಗೆ ತಿರುಗಿಸಿ ಹೂಳೆತ್ತುವ ಕೆಲಸ ಶುರುವಾಯಿತು. ಈ ಕಣಿವೆಯ ಕೊಳಚೆಯಲ್ಲಿ ಒಂದು ಪಾಲು 2018ರಿಂದ ಶುದ್ಧೀಕರಣ ಘಟಕ ದಾಟಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅಲ್ಲಿನ ರೈತರು ಎರಡು ಹಂತ ದಾಟಿಯೂ ಉಳಿದ ಕೊಳೆಯನ್ನು ತೆಗೆಯುವ ಮೂರನೇ ಹಂತದ ಶುದ್ಧೀಕರಣಕ್ಕೆ ಪಟ್ಟು ಹಿಡಿದಿರುವುದು ನ್ಯಾಯವಾಗಿಯೇ ಇದೆ: ಘಟಕದಲ್ಲಿ ಗಾಳಿ ಊದಿ ಕೊಳೆಸದೆ ಬಿಟ್ಟದ್ದನ್ನು ಮುಂದಿನ ಕೆರೆಯ ಹೂಳು ಹಿಡಿದಿಟ್ಟುಕೊಳ್ಳುತ್ತದೆ.