ಅರಬ್ಬೀ ಕವಿತೆಯ ಆಘಾತ: ಹಿಂದಿನ ಕಥೆ

2023ರ ಅಕ್ಟೋಬರ್ ನಂತರ ಗಾಜಾದ ಕವಿತೆಗಳು ಹಲವು ಭಾಷೆಗಳಿಗೆ ಅನುವಾದವಾಗುತ್ತಿದ್ದು, ಅವುಗಳ ಜೊತೆಗೇ ‘ಟ್ರಾಮಾ ಕಾವ್ಯ’, ಅಂದರೆ ಆಘಾತದ ಕಾವ್ಯ, ಎಂಬ ಹಣೆಪಟ್ಟಿಯೂ ಬರುತ್ತಿದೆ. ಮನಃಶಾಸ್ತ್ರದಿಂದ ಬಂದ ಈ ಪದ ಸಾಮಾನ್ಯವಾಗಿ, ನಡೆದುಹೋದ ಘಟನೆಯೊಂದು ಮನಸ್ಸಿನಲ್ಲಿ ಮರುಕಳಿಸುತ್ತಲೇ ಇರುವುದನ್ನು ಹೇಳುತ್ತದೆ. ಅರಬ್ಬೀ ಕವಿಗಳಿಗೆ ಈ ಪದ ಪೂರ್ತಿ ಹೊಂದುವುದಿಲ್ಲ. ಅವರ ಪಾಲಿಗೆ ಘಟನೆ ಮುಗಿದೇ ಇಲ್ಲ.

ಬಿಟ್ಟುಹೋದ ಬಿಡಾರದ ಕುರುಹುಗಳ ಮುಂದೆ ನಿಂತು ಅತ್ತು ಕವಿತೆ ಆರಂಭಿಸುವ ರೂಢಿ ಅರಬ್ಬಿಯಲ್ಲಿ ಇಸ್ಲಾಮಿಗಿಂತ ಹಳೆಯದು. ಎರಡು ಪಾದಗಳ ಸಾಲು, ಕೊನೆಯವರೆಗೂ ಒಂದೇ ಅಂತ್ಯಪ್ರಾಸ ಎಂಬ ಕಟ್ಟು ಶತಮಾನಗಳ ಕಾಲ ಶೋಕವನ್ನು ಹೊತ್ತು ನಡೆಯಿತು. 1947ರಲ್ಲಿ ಈಜಿಪ್ಟಿನ ಕಾಲರಾ ಸಾವುಗಳ ಸುದ್ದಿ ಕೇಳಿದ ಬಾಗ್ದಾದಿನ ಕವಿ ನಾಜಿಕ್ ಅಲ್-ಮಲಾಯಿಕಾ, ಹೆಣದ ಗಾಡಿ ಎಳೆಯುವ ಕುದುರೆಗಳ ಗೊರಸಿನ ಸದ್ದನ್ನು ಹಿಡಿಯಲು ಸಾಲುಗಳನ್ನು ಉದ್ದ, ಗಿಡ್ಡ ಮಾಡಿದರು. ಮುಕ್ತಛಂದದಲ್ಲಿ ಮೊದಲಿಗರು ಯಾರೆಂಬ ವಾದ ಬೇರೆಯೇ ಇದೆ; ಹಳೆಯ ಅಳತೆಗೆ ಆ ಸಾವುಗಳು ಒಗ್ಗಲಿಲ್ಲವೆಂಬುದು ನಮಗಿಲ್ಲಿ ಮುಖ್ಯ.

ಮರುವರ್ಷವೇ, ಇಸ್ರೇಲ್ ಸ್ಥಾಪನೆಯ ಹೊತ್ತಿನ ಯುದ್ಧದಲ್ಲಿ, ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ನೆಲೆ ಕಳೆದುಕೊಂಡರು. 1967ರಲ್ಲಿ ಅರಬ್ ದೇಶಗಳು ಇಸ್ರೇಲಿನೆದುರು ಸೋತ ಬಳಿಕ, ಪ್ರೇಮಕವಿಯೆಂದೇ ಹೆಸರಾಗಿದ್ದ ಸಿರಿಯಾದ ನಿಜಾರ್ ಕಬ್ಬಾನಿ ಹಳೆಯ ಭಾಷೆಗೇ ಸಾವಿನ ಸುದ್ದಿ ಬರೆದರು.

ಆದರೆ ತಿರುವನ್ನು ಹತ್ತಿರದಿಂದ ಕಾಣಬೇಕಾದರೆ 1982ರ ಬೈರೂತಿಗೆ ಹೋಗಬೇಕು. ಜೂನ್ 6ರಂದು ಇಸ್ರೇಲಿ ಸೇನೆ ಲೆಬನಾನನ್ನು ಹೊಕ್ಕಿತು. ಅದೇ ದಿನ ಲೆಬನಾನಿನ ಕವಿ ಖಲೀಲ್ ಹಾವಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆ ಸಾವನ್ನು ಪ್ರತಿಭಟನೆಯೆಂದಷ್ಟೇ ಓದುವವರು, ಎರಡು ದಶಕಗಳ ಹಿಂದೆಯೇ ಅವರ ಲಾಜರಸ್ ಕವಿತೆಯಲ್ಲಿ ಗೋರಿಯಿಂದ ಎದ್ದವನೂ ಬದುಕಿಗೆ ಮರಳಲಾರದೆ ಉಳಿದದ್ದನ್ನು ಮರೆಯುತ್ತಾರೆ. ಆ ಬೇಸಿಗೆಯಲ್ಲಿ ಇಸ್ರೇಲಿ ಸೇನೆ ಬೈರೂತಿಗೆ ಹಾಕಿದ ಮುತ್ತಿಗೆಯಲ್ಲಿ ಸಿಲುಕಿದ್ದ ಪ್ಯಾಲೆಸ್ತೀನಿ ಕವಿ ಮಹಮೂದ್ ದರ್ವೀಶ್ ಕೆಲವು ವರ್ಷಗಳ ನಂತರ, ಆಗಸ್ಟಿನ ಒಂದೇ ಒಂದು ದಿನವನ್ನು ಗದ್ಯದಲ್ಲಿ ಬಿಡಿಸಿಟ್ಟರು. ಶೆಲ್ಲುಗಳು ಬೀಳುತ್ತಿರುವಾಗ ಅಲ್ಲಿನ ನಿರೂಪಕ ಬೇಡುವುದು ಐದು ನಿಮಿಷಗಳ ಕದನವಿರಾಮವನ್ನು, ಅದೂ ಕಾಫಿ ಮಾಡಿಕೊಳ್ಳಲು. ಸಮುದಾಯದ ಪರವಾಗಿ ಎತ್ತರದ ದನಿಯಲ್ಲಿ ಮಾತಾಡುತ್ತಿದ್ದ ಕವಿ ಅಡುಗೆಮನೆಗೆ ಇಳಿದು ಬಂದದ್ದು, ನನ್ನ ಓದಿನಲ್ಲಿ, ಸೋಲಲ್ಲ; ದಿನನಿತ್ಯದ ಸಣ್ಣ ಕೆಲಸವನ್ನೇ ಬದುಕಿನ ಪುರಾವೆಯಾಗಿ ಹಿಡಿಯುವ ಹೊಸ ದಾರಿ ಅದು.

ಆಮೇಲೆ ಬಂದವರು ಆ ದಾರಿಯಲ್ಲೇ ನಡೆದರು. ಇರಾಕಿನ ದುನ್ಯಾ ಮಿಖಾಯಿಲ್ ಯುದ್ಧವನ್ನು ದಣಿವರಿಯದ ದುಡಿಮೆಗಾರನಂತೆ ಸರಳ ಮಾತಿನಲ್ಲಿ ಬಣ್ಣಿಸಿದರು. ಸಿರಿಯಾದ ಫರಜ್ ಬೈರಕ್ದಾರ್ 1987ರಿಂದ 2000ದವರೆಗಿನ ಸೆರೆವಾಸದಲ್ಲಿ, ಕಾಗದ ಸಿಗದ ಕಾಲದಲ್ಲಿ, ನೆನಪಿನಲ್ಲೇ ಕವಿತೆ ಕಟ್ಟಿಟ್ಟುಕೊಂಡರು.

2023ರ ಅಕ್ಟೋಬರ್ 10ರಂದು ಗಾಜಾದ ಹಿಬಾ ಅಬು ನದಾ ಬರೆದ ಕವಿತೆ ‘ಉಯೀಝುಕ’ ಎಂಬ ಕ್ರಿಯಾಪದದ ಮೇಲೆ ನಿಂತಿದೆ. ಕೇಡು ತಾಗದಿರಲಿ ಎಂದು ಮಕ್ಕಳ ಮೇಲೆ ಪ್ರಾರ್ಥನೆ ಹೇಳುವಾಗ ಬಳಸುವ ಮಾತು ಅದು. ಹತ್ತು ದಿನಗಳ ನಂತರ ಅವರು ವಾಯುದಾಳಿಯಲ್ಲಿ ಮಡಿದರು. ಕವಿತೆ ಹಳೆಯ ಗಾಯವನ್ನು ನೆನೆಯುತ್ತಿಲ್ಲ, ಆ ರಾತ್ರಿ ಇನ್ನೂ ಜೀವಂತವಾಗಿದ್ದವರಿಗೆ ರಕ್ಷೆ ಕಟ್ಟುತ್ತಿದೆ.