ಹದಿಹರೆಯದವರ ಆರೋಗ್ಯ: ದೇಶ ಗುರಿ ಮುಟ್ಟಿತೇ ಎಂದು ಅಳೆಯುವುದು ಹೇಗೆ?

ಅಮೆರಿಕದಲ್ಲಿ 1991ರಲ್ಲಿ 15ರಿಂದ 19 ವರ್ಷದ ಪ್ರತಿ 1,000 ಹುಡುಗಿಯರಿಗೆ ಸುಮಾರು 62 ಹೆರಿಗೆಗಳಾಗುತ್ತಿದ್ದವು. 2022ರ ಹೊತ್ತಿಗೆ ಅದು 14ಕ್ಕಿಂತ ಕೆಳಗಿಳಿದಿತ್ತು. ಜನನಗಳು ನೋಂದಣಿಯಾಗುವುದರಿಂದ ಈ ಇಳಿಕೆಯನ್ನು ಧೈರ್ಯವಾಗಿ ಹೇಳಬಹುದು. ಹರೆಯದವರ ಆರೋಗ್ಯದ ಎಷ್ಟೋ ಗುರಿಗಳಿಗೆ ಇಷ್ಟು ಗಟ್ಟಿಯಾದ ದಾಖಲೆಯಿಲ್ಲ. ಅವರನ್ನೇ ಕೇಳಿ ತಿಳಿಯಬೇಕು.

ಆ ದೇಶ 'ಹೆಲ್ತಿ ಪೀಪಲ್' ಹೆಸರಿನಲ್ಲಿ 1980ರಿಂದ ಹತ್ತು ವರ್ಷಕ್ಕೊಮ್ಮೆ ಆರೋಗ್ಯದ ಗುರಿಗಳನ್ನು ಗೊತ್ತುಮಾಡುತ್ತಿದೆ. ಈಗಿನದು 2030ರವರೆಗಿನದು. ಅಳೆಯಬಹುದಾದ ಗುರಿಗೆ ಒಂದು ಆರಂಭದ ಅಂಕಿ, ಮುಟ್ಟಬೇಕಾದ ಒಂದು ಅಂಕಿ ಇರುತ್ತವೆ. ಆರಂಭದಲ್ಲಿ ಶೇ 20, ಗುರಿ ಶೇ 15, ಈಗ ಶೇ 18 ಎಂದುಕೊಳ್ಳಿ. ಇಳಿಯಬೇಕಾದ 5ರಲ್ಲಿ 2 ಇಳಿದಿದೆ, ಅಂದರೆ ಶೇ 40ರಷ್ಟು ದಾರಿ ಸಾಗಿದೆ. ಆದರೆ ಎಲ್ಲರ ಬದಲು ಆಯ್ದ ಕೆಲವರನ್ನಷ್ಟೇ ಕೇಳುವ ಮಾದರಿ ಸಮೀಕ್ಷೆಯಲ್ಲಿ ಆ ಎರಡು ಅಂಶದ ವ್ಯತ್ಯಾಸ ಬರೀ ಆಕಸ್ಮಿಕವೂ ಆಗಿರಬಹುದು. ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲದಿದ್ದರೆ ಅದನ್ನು ಸುಧಾರಣೆ ಎನ್ನುವಂತಿಲ್ಲ.

ಅಂಕಿಗಳ ಮುಖ್ಯ ಮೂಲಗಳಲ್ಲೊಂದು, ಅಲ್ಲಿನ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಎರಡು ವರ್ಷಕ್ಕೊಮ್ಮೆ 9ರಿಂದ 12ನೇ ತರಗತಿಯವರಲ್ಲಿ ನಡೆಸುವ ಸಮೀಕ್ಷೆ. ಮಕ್ಕಳು ಹೆಸರು ಬರೆಯದೆ ಉತ್ತರ ಗುರುತು ಹಾಕುತ್ತಾರೆ. ಶಾಲೆ ಬಿಟ್ಟವರು ಇದರಲ್ಲಿಲ್ಲ. ಹೆಚ್ಚು ಅಪಾಯದಲ್ಲಿರುವವರು ಹಲವು ಸಲ ಅವರೇ ಆದ್ದರಿಂದ ಚಿತ್ರ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುವ ಸಂಭವವಿದೆ. ಇನ್ನು 12 ವರ್ಷ ದಾಟಿದವರಲ್ಲಿ ಮಾದಕ ವಸ್ತು ಬಳಕೆಯನ್ನು ಅಳೆಯುವ ರಾಷ್ಟ್ರೀಯ ಸಮೀಕ್ಷೆ ಮನೆಮನೆಗೆ ಹೋಗಿ ಕೇಳುತ್ತಿತ್ತು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಉತ್ತರವೂ ಸೇರಿತು. ವಿಧಾನ ಬದಲಾದ್ದರಿಂದ 2021ರ ಅಂಕಿಗಳನ್ನು 2019ರವುಗಳ ಜೊತೆ ಹೋಲಿಸುವಂತಿಲ್ಲ.

ಹರೆಯದವರ ಬದುಕು ಪ್ರಶ್ನಾವಳಿಗಿಂತ ಬೇಗ ಬದಲಾಗುತ್ತದೆ, ನಿಜವಾದ ತೊಡಕು ಇದು. ಸಿಡಿಸಿಯ ಶಾಲಾ ಸಮೀಕ್ಷೆಯ ಪ್ರಕಾರ 1997ರಲ್ಲಿ ಶೇ 36 ವಿದ್ಯಾರ್ಥಿಗಳು ಸಿಗರೇಟು ಸೇದುತ್ತಿದ್ದರು. 2021ರಲ್ಲಿ ಶೇ 4ಕ್ಕಿಂತ ಕಡಿಮೆ. ದೊಡ್ಡ ಗೆಲುವೇ ಸರಿ. ಆದರೆ 'ಕಳೆದ 30 ದಿನಗಳಲ್ಲಿ ಎಷ್ಟು ದಿನ ಸಿಗರೇಟು ಸೇದಿದಿರಿ?' ಎಂಬ ಪ್ರಶ್ನೆಗೆ, ದಿನವೂ ಇ-ಸಿಗರೇಟು ಎಳೆಯುವ ಹುಡುಗ '0 ದಿನ' ಎಂದು ಗುರುತು ಹಾಕಿದರೆ ಅದು ಸರಿಯುತ್ತರವೇ. 2019ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳು ಇ-ಸಿಗರೇಟು ಬಳಸುತ್ತಿದ್ದರು. ನಿಕೋಟಿನ್ ಹೋಗಿರಲಿಲ್ಲ, ಬರುವ ದಾರಿ ಬದಲಾಗಿತ್ತು.

ಸರಾಸರಿಯೂ ಹೀಗೆಯೇ ಮರೆಮಾಚುತ್ತದೆ. ಎರಡು ವಾರ ಅಥವಾ ಹೆಚ್ಚು ಕಾಲ ದುಃಖ, ಹತಾಶೆಯಿಂದ ದಿನನಿತ್ಯದ ಕೆಲವು ಕೆಲಸಗಳನ್ನೇ ಬಿಟ್ಟಿದ್ದೆವು ಎಂದವರು 2021ರ ಶಾಲಾ ಸಮೀಕ್ಷೆಯಲ್ಲಿ ಒಟ್ಟಾರೆ ಶೇ 42. ಬಿಡಿಸಿ ನೋಡಿದರೆ ಹುಡುಗಿಯರಲ್ಲಿ ಶೇ 57, ಹುಡುಗರಲ್ಲಿ ಶೇ 29. ಬರೀ 42 ಅನ್ನು ಮುಂದಿಟ್ಟರೆ ನೆರವು ಮೊದಲು ಯಾರಿಗೆ ಬೇಕೆಂಬುದೇ ಕಾಣುವುದಿಲ್ಲ.

ಆದ್ದರಿಂದ ಹಿಂದಿನ ಅಂಕಿಗಳೊಡನೆ ಹೋಲಿಕೆ ತಪ್ಪದಂತೆ ಹಳೆಯ ಪ್ರಶ್ನೆಯ ಒಂದು ಪದವನ್ನೂ ತಿದ್ದಬಾರದು, ಹೊಸದನ್ನು ಅದರ ಪಕ್ಕದಲ್ಲಿ ಸೇರಿಸಬೇಕು, ಅದೂ ಬೇಗ. ಹೊಸ ಪ್ರಶ್ನೆಯ ಮೊದಲ ಸುತ್ತು ಕೊಡುವುದು ಆರಂಭದ ಅಂಕಿಯನ್ನಷ್ಟೇ. ಸಿಡಿಸಿಯ ಶಾಲಾ ಸಮೀಕ್ಷೆಗೆ ಇ-ಸಿಗರೇಟಿನ ಪ್ರಶ್ನೆ ಬಂದದ್ದು 2015ರಲ್ಲಿ. ಏರಿತೇ ಇಳಿಯಿತೇ ಎಂದು ಹೋಲಿಸಲು 2017ರ ಸುತ್ತಿನವರೆಗೆ ಕಾಯಬೇಕಾಯಿತು.